ಮಣ್ಣಿನ ಅಣೆಕಟ್ಟಿನ ಸುರಕ್ಷತಾ ವರದಿಯನ್ನು ಓದುವುದು ಹೇಗೆ

ಘಟ್ಟದ ಮೇಲಿನ ಜಲಾಶಯದಿಂದ ಯಾವುದೇ ಕ್ಷಣದಲ್ಲಿ ನೀರು ಹೊರಬಿಡಬಹುದು ಎಂಬ ಪ್ರಕಟಣೆ ಬಂದರೆ, ನದಿತೀರದವರು ನೀರಿನ ಮಟ್ಟ ಎಷ್ಟಾಯಿತೆಂದು ವಿಚಾರಿಸುತ್ತಾರೆ. ಆ ನೀರನ್ನು ತಡೆದು ನಿಂತ ಕಟ್ಟೆ ಹೇಗಿದೆ ಎಂದು ಕೇಳುವವರು ಕಡಿಮೆ. ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿರುವ 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ನೀರೊದಗಿಸುವ ಮಾಣಿ ಜಲಾಶಯ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಅದರ ಮಾಲೀಕತ್ವ ಕರ್ನಾಟಕ ವಿದ್ಯುತ್ ನಿಗಮದ್ದು. ಕಟ್ಟೆ ಒಂದು ಜಿಲ್ಲೆಯಲ್ಲಿ, ನೀರು ಹರಿದು ಬರುವುದು ಇನ್ನೊಂದು ಜಿಲ್ಲೆಗೆ, ಕಡತ ಮೂರನೆಯವರ ಕಚೇರಿಯಲ್ಲಿ ಇರುವ ಇಂತಹ ವ್ಯವಸ್ಥೆಯಲ್ಲಿ, ತಪಾಸಣಾ ವರದಿಯನ್ನು ತಾವೇ ಓದಿ ಅರ್ಥಮಾಡಿಕೊಳ್ಳಬಲ್ಲ ನಾಲ್ಕು ಜನ ಕೆಳಗಿನ ಊರುಗಳಲ್ಲಿ ಇರಬೇಕು. ಈ ಬರಹ ಮಣ್ಣಿನ ಏರಿಯುಳ್ಳ ಅಣೆಕಟ್ಟುಗಳಿಗೆ ಮಾತ್ರ ಸಂಬಂಧಿಸಿದ್ದು. ತುಂಬೆಯ ಕಿಂಡಿ ಅಣೆಕಟ್ಟಿನಂತಹ ಕಾಂಕ್ರೀಟ್ ರಚನೆಗಳ ಲೆಕ್ಕಾಚಾರ ಬೇರೆ.

ವರದಿ ಕೈಗೆ ಬಂದೊಡನೆ ಅದರಲ್ಲಿರುವ ಎರಡು ಬಗೆಯ ವರ್ಗೀಕರಣಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಕಟ್ಟೆಯ ಸ್ಥಿತಿ ಹೇಗಿದೆ ಎಂಬುದು. ಇನ್ನೊಂದು, ಕಟ್ಟೆ ಒಡೆದರೆ ಕೆಳಗೆ ಎಷ್ಟು ಹಾನಿಯಾಗುತ್ತದೆ ಎಂಬುದು. ಎರಡನೆಯದಕ್ಕೂ ಕಟ್ಟೆಯ ಆರೋಗ್ಯಕ್ಕೂ ಸಂಬಂಧವಿಲ್ಲ. ಒಂದು ಬಿರುಕೂ ಇಲ್ಲದ ಹೊಸ ಅಣೆಕಟ್ಟಾದರೂ ಅದರ ಕೆಳಗೆ ಪೇಟೆಯಿದ್ದರೆ ಅದು ಹೆಚ್ಚು ಅಪಾಯದ ವರ್ಗಕ್ಕೇ ಸೇರುತ್ತದೆ, ಕಾಡಿನ ಮಧ್ಯದ ಶಿಥಿಲ ಕಟ್ಟೆ ಕಡಿಮೆ ಅಪಾಯದ ವರ್ಗದಲ್ಲಿ ಉಳಿಯಬಹುದು.

ಸ್ಥಿತಿಯ ವರ್ಗದಲ್ಲಿ ನಮ್ಮವರು ಎಡವುವ ಜಾಗ ಬೇರೆಯೇ. ಭಾರತದಲ್ಲಿ ಬಳಕೆಯಲ್ಲಿರುವ ಕ್ರಮದಂತೆ, ಒಡೆಯುವುದಕ್ಕೆ ಕಾರಣವಾಗಬಲ್ಲ ದೋಷಗಳುಳ್ಳ ಅಣೆಕಟ್ಟು ಒಂದನೇ ವರ್ಗಕ್ಕೆ ಸೇರುತ್ತದೆ. ದೊಡ್ಡ ದೋಷಗಳಿದ್ದು ಕೂಡಲೇ ದುರಸ್ತಿಯಾಗಬೇಕಾದುದು ಎರಡನೆಯದಕ್ಕೆ. ಸಣ್ಣಪುಟ್ಟ ದುರಸ್ತಿ ಸಾಕಾಗುವಂಥದ್ದು ಮೂರನೆಯದಕ್ಕೆ. ಶಾಲೆಯಿಂದಲೇ ಫಸ್ಟ್ ಕ್ಲಾಸೆಂದರೆ ಉತ್ತಮವೆಂದು ಕಲಿತ ಕಿವಿಗೆ ‘ಒಂದನೇ ವರ್ಗದ ಅಣೆಕಟ್ಟು’ ಎಂಬ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಇಲ್ಲಿ ಅದೇ ಅತ್ಯಂತ ಕೆಟ್ಟ ವರ್ಗ. ಅಮೆರಿಕದಲ್ಲಿ ‘ತೃಪ್ತಿಕರ’, ‘ಸಾಧಾರಣ’, ‘ಕಳಪೆ’, ‘ಅತೃಪ್ತಿಕರ’ ಎಂಬ ಅರ್ಥದ ನಾಲ್ಕು ಪದಗಳು ಚಾಲ್ತಿಯಲ್ಲಿರುವುದರಿಂದ ಈ ಗೊಂದಲವಿಲ್ಲ. ಹಾಗೆಂದು ಅಲ್ಲಿಯ ಪದಗಳು ಭರವಸೆಯ ಪತ್ರಗಳೇನಲ್ಲ. ಮಿಷಿಗನ್ ರಾಜ್ಯದಲ್ಲಿ ವಿದ್ಯುತ್ ಉತ್ಪಾದನೆಗೆಂದು ಖಾಸಗಿ ಮಾಲೀಕತ್ವದಲ್ಲಿದ್ದ ಈಡನ್‌ವಿಲ್ ಮಣ್ಣಿನ ಅಣೆಕಟ್ಟನ್ನು 2018ರಲ್ಲಿ ರಾಜ್ಯದ ತಪಾಸಕರು ‘ಸಾಧಾರಣ’ ಎಂದು ಗುರುತಿಸಿದ್ದರು. ಅದರ ಕೋಡಿಯ ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ ಅದೇ ವರ್ಷ ಕೇಂದ್ರದ ನಿಯಂತ್ರಣ ಸಂಸ್ಥೆ ಪರವಾನಗಿಯನ್ನೂ ರದ್ದುಪಡಿಸಿತ್ತು. 2020ರ ಮೇ 19ರಂದು ನೀರು ಏರಿಯ ಮೇಲೆ ಹರಿಯುವ ಮೊದಲೇ ಏರಿಯ ಒಂದು ಭಾಗ ಜಾರಿ ಕುಸಿಯಿತು. ಒಳಗಿನ ಸಡಿಲ ಮರಳು ನೀರುಂಡು ಬಲ ಕಳೆದುಕೊಂಡದ್ದು ಕಾರಣವೆಂದು ಆಮೇಲಿನ ತನಿಖೆಯಲ್ಲಿ ತಿಳಿಯಿತು. ಏರಿಯ ಮೇಲೆ ನಡೆದು ನೋಡಿದವರ ಕಣ್ಣಿಗೆ ಅದು ಕಾಣುವಂಥದ್ದಾಗಿರಲಿಲ್ಲ.

ಆದುದರಿಂದ ವರ್ಗಕ್ಕಿಂತ ಮೊದಲು ತಪಾಸಣೆಯ ದಿನಾಂಕವನ್ನೂ ಆ ದಿನದ ನೀರಿನ ಮಟ್ಟವನ್ನೂ ನೋಡಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಾಲೀಕರು ಮುಂಗಾರಿಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತಪಾಸಣೆ ನಡೆಸಬೇಕು. ನಮ್ಮಲ್ಲಿ ಹೇಳುವುದಾದರೆ ಪತ್ತನಾಜೆಗೆ ಮೊದಲೊಂದು, ದೀಪಾವಳಿಯ ಆಸುಪಾಸಿನಲ್ಲೊಂದು. ಮೇ ತಿಂಗಳಲ್ಲಿ ಜಲಾಶಯ ತಳ ಕಂಡಿರುವಾಗ ‘ಸೋರಿಕೆ ಕಂಡುಬಂದಿಲ್ಲ’ ಎಂದು ಬರೆದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಆಗ ನೋಡಬೇಕಾದದ್ದು ನೀರಿನ ಕಡೆಯ ಮುಖದ ಕಲ್ಲಿನ ಪಿಚಿಂಗ್ ಕುಸಿದಿದೆಯೇ, ತೂಬಿನ ಬಾಗಿಲು ಪೂರ್ತಿ ಏಳುತ್ತದೆಯೇ ಎಂಬುದನ್ನು. ಸೋರಿಕೆಯ ನಿಜ ತಿಳಿಯುವುದು ಜಲಾಶಯ ತುಂಬಿ ನಿಂತಾಗ. ಮೂರು ವರ್ಷಗಳ ಆರು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಬೇಗ ತಿಳಿಯುತ್ತದೆ.

ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಮ್ಮೆ ‘ಏರಿಯ ಬುಡದಲ್ಲಿ ತೇವಾಂಶ ಕಂಡುಬಂದಿದೆ’ ಎಂಬ ಒಂದೇ ವಾಕ್ಯ, ಅದೇ ಕಾಗುಣಿತದ ತಪ್ಪಿನೊಂದಿಗೆ, ಮೂರು ವರ್ಷವೂ ಸಿಕ್ಕಿತ್ತು. ಅನುಮತಿ ಪಡೆದು ಹೋಗಿ ನೋಡಿದರೆ, ಹುಲ್ಲಿನ ನಡುವೆ ತೆಂಗಿನಕಾಯಿ ಗಾತ್ರದ ಗುಂಡಿಯೊಂದರಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಜೊತೆಗಿದ್ದ ವಾಚ್‌ಮನ್ ನಿರಾಳವಾಗಿ, “ಅದು ಒಸರು ಮಾರಾಯ್ರೆ, ಮೊದಲಿನಿಂದಲೂ ಉಂಟು” ಎಂದರು. ಇರಬಹುದು, ಮಣ್ಣಿನ ಕಟ್ಟೆ ಎಂದರೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಆದರೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ನೀರಿನ ಬಣ್ಣ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಆ ವರದಿಗಳಲ್ಲಿ ಒಂದಂಕಿಯ ಉತ್ತರವೂ ಇರಲಿಲ್ಲ.

ಬಣ್ಣವನ್ನು ತಿಳಿಯಲು ಬಿಳಿ ಗಾಜಿನ ಬಾಟಲಿ ಸಾಕು. ಒಸರಿನ ನೀರನ್ನು ಅದರಲ್ಲಿ ತುಂಬಿ, ದಿನಾಂಕದ ಚೀಟಿ ಅಂಟಿಸಿ, ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಮಣ್ಣು ಕೂರುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ತಿಳಿನೀರು ಜಾಸ್ತಿ ಬಂದರೂ ಯೋಚಿಸಲು ಸಮಯವಿರುತ್ತದೆ. ಕೆಸರು ನೀರು ಸ್ವಲ್ಪವೇ ಬಂದರೂ ಏರಿಯ ಒಳಗಿನ ಮಣ್ಣು ಕೊರೆದು ಹೊರಬರುತ್ತಿದೆ ಎಂದರ್ಥ. ಕರಾವಳಿಯ ಓದುಗರಿಗೆ ಈ ಒಳಕೊರೆತವನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಪದರದ ಕೆಳಗೆ ಸಿಗುವ ಶೇಡಿಮಣ್ಣು ಒಣಗಿರುವಾಗ ಗೋಡೆಯಂತೆ ನಿಂತು, ನೀರು ಸೋಕಿದೊಡನೆ ಹಿಟ್ಟಿನಂತೆ ಕರಗಿ ಹೋಗುವುದನ್ನು ಬಾವಿ ತೋಡಿಸಿದವರೆಲ್ಲ ಕಂಡಿದ್ದಾರೆ. ಏರಿಯ ಬುಡವೋ ಪಕ್ಕದ ಗುಡ್ಡವೋ ಅಂತಹ ಮಣ್ಣಿನದ್ದಾಗಿದ್ದರೆ ವರದಿಯಲ್ಲಿ ಅದರ ಉಲ್ಲೇಖವಿದೆಯೇ ಎಂದು ಹುಡುಕಬೇಕು.

ಪ್ರಮಾಣವನ್ನು ಅಳೆಯಲು ಏರಿಯ ಬುಡದ ಚರಂಡಿಯಲ್ಲಿ ವಿ ಆಕಾರದ ಕಚ್ಚುಳ್ಳ ತಗಡನ್ನು ನಿಲ್ಲಿಸಿರುತ್ತಾರೆ. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ನೀರು 5 ಸೆಂಟಿಮೀಟರ್ ಎತ್ತರಕ್ಕೆ ಹರಿದರೆ ಸೆಕೆಂಡಿಗೆ ಸುಮಾರು 0.77 ಲೀಟರ್, 10 ಸೆಂಟಿಮೀಟರ್ ಹರಿದರೆ ಸುಮಾರು 4.4 ಲೀಟರ್. ಎತ್ತರ ಎರಡರಷ್ಟಾದಾಗ ನೀರು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ ಎಂಬುದನ್ನು ನೆನಪಿಟ್ಟರೆ, ‘ಮಟ್ಟದಲ್ಲಿ ಅಲ್ಪ ಏರಿಕೆ’ ಎಂಬ ಒಕ್ಕಣೆಯನ್ನು ಹಗುರವಾಗಿ ದಾಟುವಂತಿಲ್ಲ. ಜಲಾಶಯದ ಮಟ್ಟ ಏರದೆ ಕಚ್ಚಿನ ನೀರು ಮಾತ್ರ ಏರಿದ್ದರೆ, ಮತ್ತು ಅಳತೆಯ ಹಿಂದಿನ ದಿನಗಳಲ್ಲಿ ಮಳೆಯಿರದಿದ್ದರೆ, ಕಾರಣ ಕೇಳಲೇಬೇಕು.

ಏರಿಯ ಹೊರಮುಖದ ವಿಷಯಕ್ಕೆ ಬಂದರೆ, ಹುಲ್ಲು ಕತ್ತರಿಸಿದ ಮೇಲೆ ತಪಾಸಣೆಯಾಗಿದೆಯೇ ಎಂಬುದೇ ಅರ್ಧ ಉತ್ತರ. ನಮ್ಮ ಮಳೆಗೆ ಎದೆಮಟ್ಟ ಬೆಳೆಯುವ ಪೊದೆಯಲ್ಲಿ ಹೆಗ್ಗಣದ ಬಿಲ, ಮುಳ್ಳುಹಂದಿಯ ಗುಹೆ, ಏಡಿ ಕೊರೆದ ತೂತು ಯಾವುದೂ ಕಾಣುವುದಿಲ್ಲ. ಹುತ್ತದ ಪ್ರಶ್ನೆ ಸೂಕ್ಷ್ಮವಾದದ್ದು; ನಾಗನ ನೆಲೆಯೆಂದು ಕೆಲಸದವರು ಮುಟ್ಟಲು ಹಿಂಜರಿಯುತ್ತಾರೆ, ಆ ಹಿಂಜರಿಕೆಯನ್ನು ಗೌರವಿಸಿಯೇ ಊರಿನ ಹಿರಿಯರ ಮೂಲಕ ವಿಧಿವತ್ತಾಗಿ ಪರಿಹಾರ ಕಂಡುಕೊಂಡು, ಆಮೇಲೆ ಒಳಗಿನ ಟೊಳ್ಳನ್ನು ಪೂರ್ತಿ ಅಗೆದು ಜಿಗುಟು ಮಣ್ಣು ತುಂಬಿ ದಮ್ಮಸು ಮಾಡಬೇಕಾಗುತ್ತದೆ. ಮೇಲೆ ನಾಲ್ಕು ಬುಟ್ಟಿ ಮಣ್ಣು ಸುರಿದು ಮುಚ್ಚುವುದು ದುರಸ್ತಿಯಲ್ಲ.

ಮಣ್ಣಿನ ಕಟ್ಟೆಗೆ ಮೇಲಿನಿಂದ ನೀರು ಹರಿಯುವುದೆಂದರೆ ಮರಣವೇ ಸರಿ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲ್ಭಾಗದ ಮಚ್ಛು-2 ಅಣೆಕಟ್ಟಿನಲ್ಲಿ ಕೊಚ್ಚಿಹೋದದ್ದು ಇಕ್ಕೆಲದ ಮಣ್ಣಿನ ಏರಿಗಳು. ಆದ್ದರಿಂದ ಕೋಡಿಯನ್ನು ಯಾವ ಪ್ರವಾಹಕ್ಕೆ ಲೆಕ್ಕ ಹಾಕಲಾಗಿದೆ, ಆ ಲೆಕ್ಕ ಯಾವ ವರ್ಷದ್ದು, ಏರಿಯ ನೆತ್ತಿ ಎಲ್ಲಾದರೂ ತಗ್ಗಿದೆಯೇ ಎಂಬ ಮೂರನ್ನೂ ವರದಿಯಲ್ಲಿ ಹುಡುಕಬೇಕು. ಮಟ್ಟ ತೋರಿಸುವ ಉಪಕರಣಗಳನ್ನು ಕೊನೆಯ ಬಾರಿ ಸರಿನೋಡಿದ ದಿನಾಂಕವೂ ಬೇಕು. ಮಿಸ್ಸೂರಿಯ ಟಾಮ್ ಸಾಕ್‌ನಲ್ಲಿ 2005ರ ಡಿಸೆಂಬರ್ 14ರಂದು ವಿದ್ಯುತ್ ಕಂಪನಿಯ ಮೇಲಿನ ಜಲಾಶಯ ತುಂಬಿ ಚೆಲ್ಲಿ ಒಡೆದಾಗ, ಕಟ್ಟು ಸಡಿಲಗೊಂಡಿದ್ದ ಮಾಪಕಗಳು ನೀರು ಇನ್ನೂ ಕೆಳಗಿದೆ ಎಂದೇ ತೋರಿಸುತ್ತಿದ್ದವು.

15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೆಲ್ಲ, ಹಾಗೂ 10ರಿಂದ 15 ಮೀಟರಿನ ಕೆಲವು, ಮೇಲೆ ಹೇಳಿದ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸ್ವತಂತ್ರ ತಜ್ಞರ ತಂಡದಿಂದ ಮೊದಲ ಸಮಗ್ರ ಮೌಲ್ಯಮಾಪನವನ್ನು ಕಾಯ್ದೆ ಜಾರಿಯಾದ 2021ರ ಡಿಸೆಂಬರ್ 30ರಿಂದ ಐದು ವರ್ಷಗಳೊಳಗೆ ಮುಗಿಸಬೇಕೆಂಬುದು ಮಾಲೀಕರಿಗೆ ವಿಧಿಸಿದ ಗಡುವು. ಮಾಲೀಕರು ಸರ್ಕಾರಿ ನಿಗಮವಾಗಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ‘ಸುರಕ್ಷತೆಯ ಮಾಹಿತಿ ಕೊಡಿ’ ಎಂದು ಬರೆಯದೆ, ಇಂತಿಂತಹ ವರ್ಷಗಳ ಮುಂಗಾರುಪೂರ್ವ ಮತ್ತು ಮುಂಗಾರೋತ್ತರ ತಪಾಸಣಾ ವರದಿ, ಸೋರಿಕೆಯ ಅಳತೆ ಪುಸ್ತಕ, ತುರ್ತು ಕ್ರಿಯಾ ಯೋಜನೆ ಎಂದು ಹೆಸರಿಸಿ ಕೇಳಿದರೆ ಉತ್ತರವೂ ಅಷ್ಟೇ ನಿರ್ದಿಷ್ಟವಾಗಿ ಬರುತ್ತದೆ.

ಏರಿಯ ಬುಡದಲ್ಲಿ ಕೆಸರು ನೀರನ್ನು ಕಣ್ಣಾರೆ ಕಂಡರೆ ಅರ್ಜಿಯ ಮಾತಿಲ್ಲ. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಿಗ್ಗೆ ಕೆಸರು ಸೋರಿಕೆ ಕಾಣಿಸಿದ್ದು, ಮಧ್ಯಾಹ್ನ ಹನ್ನೆರಡಾಗುವಷ್ಟರಲ್ಲಿ ಕಟ್ಟೆ ಒಡೆದಿತ್ತು. ಗುಂಡಿಯ ಹತ್ತಿರ ನಿಲ್ಲದೆ ಪಕ್ಕದ ಎತ್ತರದ ಜಾಗಕ್ಕೆ ಹೋಗಿ, ಅಣೆಕಟ್ಟಿನ ನಿಯಂತ್ರಣ ಕೊಠಡಿಗೂ ಜಿಲ್ಲೆಯ 1077 ಸಹಾಯವಾಣಿಗೂ ಕರೆ ಮಾಡಿ, ಕಂಡ ಹೊತ್ತು, ಏರಿಯ ಎಡಕ್ಕೋ ಬಲಕ್ಕೋ, ಬುಡದಿಂದ ಎಷ್ಟು ಎತ್ತರದಲ್ಲಿ, ನೀರಿನ ಬಣ್ಣ ಏನು ಎಂಬಿಷ್ಟನ್ನು ಹೇಳಬೇಕು. ಕರೆ ಸ್ವೀಕರಿಸಿದವರ ಹೆಸರನ್ನೂ ಸಮಯವನ್ನೂ ಬರೆದಿಟ್ಟುಕೊಳ್ಳಬೇಕು.