ಹೊಟ್ಟೆಗೆ ಒಗ್ಗುವ ಪ್ರೋಟೀನ್ ಪುಡಿ: ಒಬ್ಬ ಕಟಿಂಗ್ ಮಾಸ್ಟರ್‌ನ ಲೆಕ್ಕ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ನಾನು ಕಟಿಂಗ್ ಮಾಸ್ಟರ್. ಇಡೀ ದಿನ ನಿಂತೇ ಕೆಲಸ. ಪದರದ ಮೇಲೆ ಪದರ ಬಟ್ಟೆ ಹಾಸಿ, ಮೇಲೆ ಪ್ಯಾಟರ್ನ್ ಇಟ್ಟು ಗೆರೆ ಎಳೆದು, ಕರೆಂಟಿನ ಕಟರ್ ಹಿಡಿದು ಆ ಗೆರೆಯ ಮೇಲೇ ಹೋಗಬೇಕು. ನಡುವೆ ಕೈಬಿಟ್ಟು ಓಡುವಂತಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ನಾನು ಓಡಿದೆ, ಮೂರು ಸಲ. ಇಪ್ಪತ್ತು ಜನಕ್ಕೆ ಒಂದೇ ಸಂಡಾಸು ಇರುವ ಕಡೆ ಇಂಥದ್ದು ಗುಟ್ಟಾಗಿ ಉಳಿಯುವುದಿಲ್ಲ.

ಕಾರಣ, ಮನೆಯ ಕಪಾಟಿನ ಮೇಲೆ ಕೂತಿದ್ದ ಎರಡು ಕಿಲೋ ಪ್ರೋಟೀನ್ ಡಬ್ಬಿ.

ನನಗೆ ಈಗ ನಲವತ್ತೆರಡು. ಕಟರ್ ಹಿಡಿಯುವ ಬಲಭುಜ ಸೋಲತೊಡಗಿದಾಗ ಡಾಕ್ಟರು ನೋಡಿ, ಮಾಂಸಖಂಡ ಸೊರಗಿದೆ, ವ್ಯಾಯಾಮ ಮಾಡಿ, ಪ್ರೋಟೀನ್ ಹೆಚ್ಚಿಸಿ ಎಂದರು. ಮೊದಲು ಕಿಡ್ನಿ ಸರಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಡಬ್ಬಿಗಳ ಹತ್ತಿರ ಹೋಗಬಾರದು.

ಸೈಜು, ಪೀಸು ಬರೆದುಕೊಳ್ಳುವ ಪುಸ್ತಕದಲ್ಲೇ ಲೆಕ್ಕ ಹಾಕಿದೆ. ದೊಡ್ಡವರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಅಳತೆ. ನನ್ನ ತೂಕ 68 ಕಿಲೋ, ಅಂದರೆ ಸುಮಾರು 56 ಗ್ರಾಂ. ಭಾರ ಎತ್ತುವುದರಿಂದ 75 ಗ್ರಾಂವರೆಗೆ ಹೋಗಲಿ ಎಂದರು ಡಾಕ್ಟರು. ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು ಎಲ್ಲ ಕೂಡಿಸಿದರೂ ಐವತ್ತರ ಹತ್ತಿರ ನಿಂತಿತು. ಐವತ್ತು ಗ್ರಾಂ ಪುಟಾಣಿ ತಿಂದರೆ ಇನ್ನೊಂದು ಹತ್ತು. ಎರಡು ತತ್ತಿ ತಿಂದರೆ ಹನ್ನೆರಡು, ಆದರೆ ಶ್ರಾವಣ ಬಂದರೆ ನಮ್ಮ ಮನೆಯಲ್ಲಿ ತತ್ತಿ ಬಂದ್. ಉಳಿದ ಹದಿನೈದು ಗ್ರಾಂಗಾಗಿ ಪುಡಿಯ ಮಾತು ಬಂತು.

ಜಿಮ್ಮಿಗೆ ಹೋಗುವ ನಮ್ಮ ಅಕ್ಕನ ಮಗ ಡಬ್ಬಿ ತಂದುಕೊಟ್ಟ. "ಮಾಮಾ, ಎರಡು ಸ್ಕೂಪು ಹಾಲ್ನಾಗ ಹಾಕ್ಕಂಡು ಕುಡಿ, ತಿಂಗ್ಳದಾಗ ಗೊತ್ತಾಗತೈತಿ" ಅಂದ. ನಾನು ಬೂಸ್ಟ್ ಕಲಸುವ ಅಭ್ಯಾಸದಲ್ಲಿ ಕುದಿಯುವ ಹಾಲಿಗೇ ಸುರಿದೆ. ಪುಡಿ ಕರಗಲಿಲ್ಲ, ಬೆಂದಿತು. ಈ ಪುಡಿಯಲ್ಲಿರುವ ಹಾಲೊಡಕಿನ (ಇಂಗ್ಲಿಷಿನಲ್ಲಿ ವೇ) ಪ್ರೋಟೀನು ಬಿಸಿಗೆ ಹೆಪ್ಪುಗಟ್ಟುತ್ತದೆ, ತತ್ತಿಯ ಬಿಳಿಭಾಗದ ಹಾಗೆ. ಲೋಟದೊಳಗೆ ಕಂದು ಬಣ್ಣದ ಗಂಟುಗಳು ತೇಲುವುದನ್ನು ನನ್ನ ಹೆಂಡತಿ ಬಗ್ಗಿ ನೋಡಿ, "ಇದನ್ನ ಕುಡೀತೀರೋ, ಒಗ್ಗರಣಿ ಹಾಕ್ಲೋ?" ಅಂದಳು. ದುಡ್ಡು ಕೊಟ್ಟಿದ್ದೆನಲ್ಲ, ಕುಡಿದೆ. ಮರುದಿನದಿಂದ ತಣ್ಣನೆ ಹಾಲು. ಮೂರನೇ ದಿನ ಹೊಟ್ಟೆ ಉಬ್ಬರ, ಗುಡುಗುಡು, ಆಮೇಲೆ ಆ ಓಟ.

ಡಬ್ಬಿ ಎಸೆಯುವ ಮನಸ್ಸಾಗಿತ್ತು. ಆದರೆ ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಡೆನಿಮ್ ಬಂದರೆ ನೇರ ಕತ್ತರಿ ಹಾಕುವುದಿಲ್ಲ. ಬಟ್ಟೆಯ ತಾನಿನಿಂದ ಒಂದು ತುಂಡು ತೆಗೆದು, ಐವತ್ತು ಸೆಂಟಿಮೀಟರ್ ಚೌಕ ಗುರುತು ಮಾಡಿ, ವಾಶಿಂಗಿಗೆ ಕಳಿಸಿ, ಬಂದ ಮೇಲೆ ಉದ್ದ ಎಷ್ಟು ಜಗ್ಗಿತು, ಅಗಲ ಎಷ್ಟು ಕುಗ್ಗಿತು ಅಂತ ಅಳೆದೇ ಪ್ಯಾಟರ್ನ್ ತಿದ್ದುತ್ತೇವೆ. ಬಟ್ಟೆಗೆ ಇಷ್ಟು ಮಾಡುವವನು ಹೊಟ್ಟೆಗೆ ಒಂದು ತುಂಡೂ ತೊಳೆದು ನೋಡದೆ ಇಡೀ ತಾನನ್ನೇ ಕತ್ತರಿಸಿದ್ದೆ. ಒಂದು ವಾರ ಎಲ್ಲ ಬಿಟ್ಟು ಹೊಟ್ಟೆ ತಿಳಿಯಾಗಲು ಕಾದೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಐದೈದು ದಿನ. ಆ ದಿನಗಳಲ್ಲಿ ರಾತ್ರಿ ಊಟ ಒಂದೇ ತೆರನಾಗಿರಲಿ ಎಂದು ಮನೆಯಲ್ಲಿ ಹೇಳಿದ್ದೆ. ಅಲಸಂದಿ ಕಾಳು ತಿಂದ ರಾತ್ರಿಯ ವಾಯುವನ್ನು ಪುಡಿಯ ಮೇಲೆ ಹೊರಿಸಬಾರದಲ್ಲ.

ಮೊದಲು ಹಾಲು ಬಿಟ್ಟೆ, ಅದೇ ಪುಡಿ, ಅದೇ ಎರಡು ಸ್ಕೂಪು, ಬರೀ ನೀರಿನಲ್ಲಿ. ಭೇದಿ ಮತ್ತೆ ಬರಲೇ ಇಲ್ಲ. ಆಗ ಹೊಳೆಯಿತು: ಹುಡುಗತನ ದಾಟಿದ ಮೇಲೆ ನಾನು ಲೋಟಗಟ್ಟಲೆ ಹಾಲು ಕುಡಿದವನೇ ಅಲ್ಲ. ನಮ್ಮಲ್ಲಿ ಹಾಲು ಅಂದರೆ ಚಹಾ, ಇಲ್ಲವೇ ಮೊಸರು, ಮಜ್ಜಿಗೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಷ್ಟೋ ಜನರಲ್ಲಿ ಬೆಳೆದಂತೆ ಕಡಿಮೆಯಾಗುತ್ತದೆ. ಒಡೆಯದ ಸಕ್ಕರೆ ದೊಡ್ಡಕರುಳಿಗೆ ಹೋಗಿ ನೀರು ಎಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಮೊಸರಾದಾಗ ಆ ಸಕ್ಕರೆಯ ಒಂದು ಪಾಲು ಮೊದಲೇ ಹುಳಿಯಾಗಿರುತ್ತದೆ, ಅದಕ್ಕೇ ಮೊಸರು ಒಗ್ಗುತ್ತಿತ್ತು. 300 ಎಂಎಲ್ ಹಾಲಿನಲ್ಲಿ ಲ್ಯಾಕ್ಟೋಸ್ ಸುಮಾರು 14 ಗ್ರಾಂ. ಮಾಮೂಲಿ ವೇ ಕಾನ್ಸಂಟ್ರೇಟ್ ಪುಡಿಯ ಒಂದು ಸ್ಕೂಪಿನಲ್ಲಿ ಬರೀ ಒಂದೂವರೆ, ಎರಡು ಗ್ರಾಂ. ತಪ್ಪು ಮಾಡಿದ್ದು ಲೋಟದ ಹಾಲು, ಬೈಸಿಕೊಂಡದ್ದು ಪುಡಿ.

ಆದರೂ ತೇಗು, ಹೊಟ್ಟೆ ಬಿಗಿತ ಉಳಿದಿದ್ದವು. ಒಂದು ಸ್ಕೂಪಿಗೆ ಇಳಿಸಿದೆ, ಅರ್ಧ ಕಮ್ಮಿಯಾಯಿತು. ಅಷ್ಟಕ್ಕೂ ನನಗೆ ಬೇಕಿದ್ದದ್ದು ಹದಿನೈದು ಗ್ರಾಂ, ಎರಡು ಸ್ಕೂಪಿನ ಮಾತು ಎಲ್ಲಿಂದ ಬಂತೋ. ಇನ್ನೊಂದು ಸಣ್ಣ ಸಂಗತಿ ಸಿಕ್ಕಿತು. ಶೇಕರ್ ಬಾಟಲಿಯಲ್ಲಿ ಜೋರಾಗಿ ಅಲ್ಲಾಡಿಸಿ, ನೊರೆ ಸಮೇತ ಗಟಗಟ ಕುಡಿಯುತ್ತಿದ್ದೆ. ನೊರೆ ಎಂದರೆ ಗಾಳಿ. ಐದು ನಿಮಿಷ ಇಟ್ಟು, ನೊರೆ ಇಳಿದ ಮೇಲೆ ಕುಡಿದರೆ ತೇಗು ಬಹುಪಾಲು ಹೋಯಿತು. ಡಬ್ಬಿಯ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ಬಿಗಿತ ಮಾತ್ರ ಹೋಗಲಿಲ್ಲ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿದೆ. ಸಾಮಗ್ರಿಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಮ್ಮಿ ಇರುವುದರ ಕಡೆಗೆ ಬರೆಯುವುದು ನಿಯಮ. ನನ್ನ ಡಬ್ಬಿಯಲ್ಲಿ ಪ್ರೋಟೀನಿನ ಹಿಂದೆಯೇ ಕೋಕೋ, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಇನುಲಿನ್ ಎಂಬ ನಾರು, ಎರಡು ತರದ ಗೋಂದು, ಸುಕ್ರಲೋಸ್ ಎಂಬ ಕೃತಕ ಸಿಹಿ. ಇನುಲಿನ್ ಕೂಡ ಕರುಳಿನಲ್ಲಿ ಹುಳಿಯುವ ವಸ್ತುವೇ, ಕೆಲವರಿಗೆ ಚೆನ್ನಾಗಿ ಗ್ಯಾಸ್ ಮಾಡುತ್ತದೆ. ಹೆಸರು 'ಟಾಲ್' ಎಂದು ಮುಗಿಯುವ ಸಿಹಿಗಳು, ಮಾಲ್ಟಿಟಾಲ್, ಸಾರ್ಬಿಟಾಲ್, ಇವೂ ಅದೇ ಜಾತಿ. ಕೊನೆಗೆ ದೊಡ್ಡಕ್ಷರದಲ್ಲಿ 'ಜೀರ್ಣಕ್ಕೆ ಎನ್‌ಜೈಮ್' ಎಂದಿತ್ತು. ಗ್ಯಾಸ್ ಮಾಡುವುದನ್ನೂ ಹಾಕಿ ಅದಕ್ಕೆ ಮದ್ದನ್ನೂ ಹಾಕುವುದು ನನಗಂತೂ ಜಾಣ ವ್ಯಾಪಾರ ಅನಿಸಿತು.

ಅಂಗಡಿಯವರು ಹೇಳಿದ್ದು ಒಂದೇ ಮಾತು: ಹೊಟ್ಟೆಗೆ ಹಗುರ ಬೇಕಾದರೆ ಐಸೊಲೇಟ್ ತಗೊಳ್ಳಿ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರೋಟೀನ್, ಲ್ಯಾಕ್ಟೋಸ್ ಒಂದು ಶೇಕಡಾಕ್ಕಿಂತ ಕಮ್ಮಿ. ಕಾನ್ಸಂಟ್ರೇಟ್‌ನಲ್ಲಿ ಪ್ರೋಟೀನ್ ಎಂಬತ್ತರ ಸುತ್ತಮುತ್ತ. ರೇಟೂ ಹಾಗೇ ಮೇಲೆ. ಫ್ಲೇವರ್ ಇಲ್ಲದ ಐಸೊಲೇಟಿನ ಸಣ್ಣ ಪೊಟ್ಟಣ ತಂದು ಕುಡಿದೆ. ಐದು ದಿನ, ಹೊಟ್ಟೆ ಸದ್ದೇ ಇಲ್ಲ. ಇಲ್ಲೇ ನಿಲ್ಲಿಸಿದ್ದರೆ ಐಸೊಲೇಟೇ ಸರಿ ಎಂದುಕೊಂಡು ವರ್ಷಗಟ್ಟಲೆ ದುಡ್ಡು ಹಾಕುತ್ತಿದ್ದೆ. ಆದರೆ ನಾನು ಎರಡನ್ನು ಒಟ್ಟಿಗೆ ಬದಲಿಸಿದ್ದೆ, ಲ್ಯಾಕ್ಟೋಸೂ ಹೋಗಿತ್ತು, ಫ್ಲೇವರಿನ ಸಾಮಾನೂ ಹೋಗಿತ್ತು. ಬೇರೆ ಮಾಡಿ ನೋಡಲು ಊಟದ ಜೊತೆ ಅರ್ಧ ಲೋಟ ಹಾಲು ಕುಡಿದೆ. ಏನೂ ಆಗಲಿಲ್ಲ. ಐದಾರು ಗ್ರಾಂ ಲ್ಯಾಕ್ಟೋಸ್ ತಡೆಯುವ ಹೊಟ್ಟೆಗೆ ಎರಡು ಗ್ರಾಂ ಯಾವ ಲೆಕ್ಕ? ಮುಂದಿನ ವಾರ ಫ್ಲೇವರ್ ಇಲ್ಲದ ಕಾನ್ಸಂಟ್ರೇಟ್ ತಂದೆ. ಸಾಮಗ್ರಿ ಪಟ್ಟಿಯಲ್ಲಿ ಎರಡೇ ಹೆಸರು, ವೇ ಮತ್ತು ಪುಡಿ ನೀರಿನಲ್ಲಿ ಬೆರೆಯಲು ಹಾಕುವ ಲೆಸಿಥಿನ್. ಇವತ್ತಿಗೂ ಅದೇ ನಡೆದಿದೆ.

ರುಚಿ? ಬರೀ ನೀರಿನಲ್ಲಿ ಸಪ್ಪೆ, ಹಾಲಿನ ಪುಡಿಯ ವಾಸನೆ. ನಾನು ನೀರು ಮಜ್ಜಿಗೆಗೆ ಹಾಕಿ, ಉಪ್ಪು, ಜೀರಿಗೆ ಪುಡಿ, ಒಂದೆಸಳು ಕರಿಬೇವು ಹಾಕಿ ಕುಡಿಯುತ್ತೇನೆ. ಏಪ್ರಿಲ್ಲಿನ ಬಿಸಿಲಿಗೆ ಅದು ಎರಡು ಕೆಲಸ ಮಾಡುತ್ತದೆ. ಖಾಲಿ ಹೊಟ್ಟೆಗೆ ಬೇಡ, ಸಂಜೆ ಜಿಮ್ಮಿನಿಂದ ಬಂದು ಎರಡು ತುತ್ತು ತಿಂದ ಮೇಲೆ. ಕೊಳ್ಳುವಾಗ ಇನ್ನೊಂದು ನೋಡುತ್ತೇನೆ: ಸ್ಕೂಪಿಗೆ ಎಷ್ಟು ಎನ್ನುವುದಲ್ಲ, ನೂರು ಗ್ರಾಂಗೆ ಎಷ್ಟು ಪ್ರೋಟೀನ್ ಎನ್ನುವುದು. ಒಬ್ಬೊಬ್ಬರ ಸ್ಕೂಪು ಒಂದೊಂದು ಗಾತ್ರ. ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್ಎಸ್ಎಸ್ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇಲ್ಲದ ಡಬ್ಬಿ ಮುಟ್ಟುವುದಿಲ್ಲ.

ಹಳೇ ಡಬ್ಬಿ ಅಕ್ಕನ ಮಗನಿಗೇ ವಾಪಸ್ ಕೊಟ್ಟೆ. ಅವನು ಹಾಲಿನಲ್ಲೇ ಎರಡು ಸ್ಕೂಪು ಕುಡಿದು ಗುಂಡುಕಲ್ಲಿನಂತೆ ಇದ್ದಾನೆ, ಹೊಟ್ಟೆ ಅವನದು.

ನಮ್ಮ ಯೂನಿಟ್ಟಿನ ಓವರ್‌ಲಾಕ್ ಟೇಲರ್‌ಗೆ ಮಾತ್ರ ಈ ಲೆಕ್ಕ ನಡೆಯಲಿಲ್ಲ. ಅವನಿಗೆ ಚಹಾದ ಹಾಲೇ ಆಗದು. ವೇ ಬಿಡು, ಬಟಾಣಿ ಪ್ರೋಟೀನ್ ನೋಡು, ಅದು ಹಾಲಿನ ಕುಲವೇ ಅಲ್ಲ, ನಾಲಿಗೆಗೆ ಸ್ವಲ್ಪ ಮರಳು ಮರಳು ಅನ್ನುತ್ತೆ ಅಷ್ಟೇ ಎಂದೆ. ಸಣ್ಣ ಪೊಟ್ಟಣ ತರಿಸಿ ನಿನ್ನೆ ಜೇಬಿನಲ್ಲಿಟ್ಟುಕೊಂಡು ಬಂದಿದ್ದ, ಮಧ್ಯಾಹ್ನದ ಬುತ್ತಿ ಹೊತ್ತಿಗೆ ಬಾಟಲಿಗೆ ಸುರಿಯಲು ಹೋದ. ಕೈ ಹಿಡಿದೆ. "ಇವತ್ತು ಬ್ಯಾಡಪ್ಪ, ಸುಮ್ಕಿರು. ರವಿವಾರ ಮನಿಯಾಗ ಅರ್ಧ ಸ್ಕೂಪು ಕುಡಿದು ನೋಡು."