ಬ್ರಿಟನ್ ಚುನಾವಣೆಗೆ ಮುಂಚಿನ ಊಟದ ಮೇಜಿನ ವಾದ: ಕೆಡದಂತೆ ನಡೆಸುವುದು ಹೇಗೆ

ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ಘೋಷಣೆಯಾದ ಮೇಲೆ ಮತದಾರನಿಗೆ ಸಿಗುವುದು ಸಾಮಾನ್ಯವಾಗಿ ಆರೇಳು ವಾರ. 2024ರಲ್ಲಿ ಮೇ 22ಕ್ಕೆ ಘೋಷಣೆ, ಜುಲೈ 4ಕ್ಕೆ ಮತದಾನ. ಆ ಅವಧಿಯಲ್ಲಿ ರೆಡಿಂಗ್, ಸ್ಲೌ, ಹ್ಯಾರೋ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡಿಗರು ಶನಿವಾರದ ಊಟಕ್ಕೆ ಸೇರಿದರೆ ಮಾತು ಸುತ್ತುವುದು ತೆರಿಗೆ, ವಲಸೆ, ಆಸ್ಪತ್ರೆ ಈ ಮೂರರ ಸುತ್ತಲೇ. ವಾದ ಆಗಬೇಕಾದದ್ದೇ. ಅದು ಕೆಡುವುದಕ್ಕೆ ಬಹಳ ಸಲ ಒಂದೇ ಕಾರಣ: ಒಬ್ಬರು ಒಂದು ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ, ಇನ್ನೊಬ್ಬರು ಬೇರೆಯದಕ್ಕೆ. ಲೆಕ್ಕ ಯಾವ ವರ್ಷದ್ದು, ಯಾವ ಪ್ರದೇಶದ್ದು, ಯಾವ ಸರ್ಕಾರದ ಕೆಲಸ ಅನ್ನುವುದನ್ನು ಮೊದಲೇ ಬಿಡಿಸಿಕೊಂಡರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಉಳಿದ ಅರ್ಧವೇ ನಿಜವಾದ ಭಿನ್ನಾಭಿಪ್ರಾಯ. ಸಮಯ ಕೊಡಬೇಕಾದದ್ದು ಅದಕ್ಕೆ.

ಮೊದಲು ಕೇಳಬೇಕಾದದ್ದು: ಇಲ್ಲಿ ಮತ ಯಾರಿಗಿದೆ?

ಮೇಜಿನ ಸುತ್ತ ಕೂತವರಲ್ಲಿ ಯಾರಾದರೊಬ್ಬರು "ನಂದು ಇಂಡಿಯನ್ ಪಾಸ್‌ಪೋರ್ಟು, ನಂಗೇನು ವೋಟಿದೆ?" ಅಂದೇ ಅನ್ನುತ್ತಾರೆ. ಇದೆ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸವಾಗಿರುವ, ಇರಲು ಅನುಮತಿಯುಳ್ಳ, 18 ತುಂಬಿದ ಭಾರತೀಯ ಪ್ರಜೆ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಅವಲಂಬಿತರ ವೀಸಾ ಎಲ್ಲಕ್ಕೂ ಇದು ಅನ್ವಯ. ಬ್ರಿಟಿಷ್ ಪೌರತ್ವ ಬರುವ ತನಕ ಕಾಯಬೇಕಿಲ್ಲ. ಪ್ರವಾಸಿ ವೀಸಾದಲ್ಲಿ ಮೊಮ್ಮಗುವನ್ನು ನೋಡಲು ಬಂದ ಅಪ್ಪ-ಅಮ್ಮ ಇಲ್ಲಿನ ವಾಸಿಗಳಲ್ಲ, ಅವರಿಗೆ ಮತವಿಲ್ಲ.

ಹಾಗಾಗಿ ವಾದ ಶುರುವಾಗುವ ಮುಂಚೆ ಫೋನು ತೆಗೆದು ಮತದಾರರ ಪಟ್ಟಿಗೆ ಹೆಸರು ನೋಂದಾಯಿಸಿ. ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶುರೆನ್ಸ್ (ಸಂಬಳದಿಂದ ಕಡಿತವಾಗುವ ಸಾಮಾಜಿಕ ವಿಮೆ) ಸಂಖ್ಯೆ ಕೈಯಲ್ಲಿರಲಿ. ಕೊನೆಯ ದಿನ ಮತದಾನಕ್ಕೆ 12 ಕೆಲಸದ ದಿನ ಮುಂಚೆ. 2024ರಲ್ಲಿ ಅದು ಜೂನ್ 18 ಆಗಿತ್ತು. ಅಂಚೆ ಮತಕ್ಕೆ ಅರ್ಜಿ ಅದರ ಮರುದಿನ ಸಂಜೆ 5ರ ಒಳಗೆ. ನಿಮ್ಮ ಪರವಾಗಿ ಬೇರೆಯವರು ಮತ ಹಾಕುವ ವ್ಯವಸ್ಥೆಗೆ 6 ಕೆಲಸದ ದಿನ ಮುಂಚೆ ಸಂಜೆ 5 ಗಡುವು. ಆರು ವಾರ ಚೆನ್ನಾಗಿ ವಾದ ಮಾಡಿ ಪಟ್ಟಿಯಲ್ಲೇ ಹೆಸರಿಲ್ಲದೆ ಉಳಿದುಬಿಡುವುದು ನಮ್ಮವರಲ್ಲಿ ತೀರಾ ಸಾಮಾನ್ಯ, ತೀರಾ ಬೇಸರದ ವಿಷಯವೂ ಹೌದು.

ನಮ್ಮ ಹೆಸರುಗಳದ್ದೊಂದು ತೊಡಕಿದೆ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಅವಧಿ ಮುಗಿದಿದ್ದರೂ ಫೋಟೋ ನಿಮ್ಮನ್ನು ಹೋಲುತ್ತಿದ್ದರೆ ಸಾಕು. ಆದರೆ ಹೆಸರು ಪಟ್ಟಿಯಲ್ಲಿದ್ದಂತೆ ಇರಬೇಕು. ಪಟ್ಟಿಯಲ್ಲಿ "ಎಚ್. ಎಸ್. ರಮೇಶ್", ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಊರ ಹೆಸರು ಬಿಡಿಸಿ ಬರೆದದ್ದು: ಇಂಥದ್ದರಲ್ಲಿ ಮತಗಟ್ಟೆಯವರಿಗೆ ಗೊಂದಲವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ ನೋಂದಾಯಿಸಿ. ಮದುವೆಯ ನಂತರ ಹೆಸರು ಬದಲಾಗಿ ದಾಖಲೆ ಹಳೆಯದೇ ಇದ್ದರೆ ಮದುವೆ ಪ್ರಮಾಣಪತ್ರ ಜೊತೆಗಿರಲಿ.

ಎರಡನೆಯದು: ಇದು ಯಾರ ಕೈಲಿದೆ?

"ಕಸ ಎರಡು ವಾರಕ್ಕೊಮ್ಮೆ ಒಯ್ಯುತ್ತಾರೆ, ಈ ಸರ್ಕಾರ ಹೋಗಬೇಕು" ಅಂದರೆ ಅದು ಸಂಸತ್ತಿನ ವಿಷಯವೇ ಅಲ್ಲ. ಕಸ, ಬೀದಿ ದೀಪ, ಮನೆ ಕಟ್ಟಲು ಅನುಮತಿ ಇವೆಲ್ಲ ಸ್ಥಳೀಯ ಕೌನ್ಸಿಲ್ಲಿನವು. (ಕೌನ್ಸಿಲ್ಲಿಗೆ ಬರುವ ಅನುದಾನ ಕಡಿಮೆಯಾಯಿತೇ ಎಂಬುದು ಸಂಸತ್ತಿನ ಪ್ರಶ್ನೆ. ಹಾಗೆ ಕೇಳಿದರೆ ವಾದಕ್ಕೆ ಅರ್ಥ ಬರುತ್ತದೆ.) ಆರೋಗ್ಯ ಮತ್ತು ಶಾಲೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಅಲ್ಲಲ್ಲಿನ ಸರ್ಕಾರಗಳ ಕೈಯಲ್ಲಿವೆ. ವೇಲ್ಸಿನ ಕಾರ್ಡಿಫ್‌ನ ಅಕ್ಕ ಮತ್ತು ಇಂಗ್ಲೆಂಡಿನ ರೆಡಿಂಗ್‌ನ ತಮ್ಮ ಫೋನಿನಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಬಗ್ಗೆ ಕಿತ್ತಾಡುತ್ತಿದ್ದರೆ ಅವರು ಎರಡು ಬೇರೆ ಸರ್ಕಾರಗಳ ಬಗ್ಗೆ ಮಾತಾಡುತ್ತಿದ್ದಾರೆ. ವಲಸೆ, ರಕ್ಷಣೆ, ವಿದೇಶಾಂಗದಂಥವು ಇಡೀ ದೇಶಕ್ಕೆ ಒಂದೇ.

ಇನ್ನೊಂದು ಜಾರುದಾರಿ ನಮ್ಮದೇ. ಹತ್ತು ನಿಮಿಷದಲ್ಲಿ ಮಾತು ದೆಹಲಿಗೋ ವಿಧಾನಸೌಧಕ್ಕೋ ಹೋಗಿಬಿಡುತ್ತದೆ. ಭಾರತದಲ್ಲಿ ಯಾರ ಪರ ಇದ್ದೀರಿ ಅನ್ನುವುದರ ಮೇಲೆ ಇಲ್ಲಿನ ಪಕ್ಷ ತೀರ್ಮಾನವಾಗುತ್ತದೆ. ಹಿರಿಯರಿದ್ದರೆ ತಡೆದು ಮಾತಾಡುವುದು ಕಷ್ಟ. ಒಂದೇ ಪ್ರಶ್ನೆ ಸಾಕು: "ಮಾವ, ನಮ್ಮ ಕ್ಷೇತ್ರದಲ್ಲಿ ಯಾರ್ಯಾರು ನಿಂತಿದಾರೆ, ನೋಡಿದ್ರಾ?" ಯಾರಿಗೂ ಅವಮಾನವಾಗದೆ ಮಾತು ತಿರುಗುತ್ತದೆ. ಆನ್‌ಲೈನಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಅಭ್ಯರ್ಥಿಗಳ ಪಟ್ಟಿ ಕೂತಲ್ಲೇ ಸಿಗುತ್ತದೆ.

ಮೂರನೆಯದು: ಅಂಕಿಯನ್ನು ತಿರುವಿ ನೋಡಿ

ಯಾರಾದರೂ ಅಂಕಿ ಹೇಳಿದ ತಕ್ಷಣ ಒಪ್ಪುವುದೂ ಬೇಡ, ಸುಳ್ಳು ಅನ್ನುವುದೂ ಬೇಡ. ನಾಲ್ಕು ಮಾತು ಕೇಳಿ: ಒಂದು ವರ್ಷದ್ದೋ ಹಲವು ವರ್ಷದ್ದೋ? ಒಟ್ಟೋ, ಕಳೆದು ಉಳಿದದ್ದೋ? ಎಲ್ಲಿಯದು? ಆಮೇಲೆ ತಿದ್ದುಪಡಿಯಾಗಿದೆಯೇ?

2024ರ ಜೂನ್ 4ರ ಟಿವಿ ಚರ್ಚೆಯಲ್ಲಿ ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್, ಲೇಬರ್ ಬಂದರೆ ದುಡಿಯುವ ಪ್ರತಿ ಕುಟುಂಬಕ್ಕೆ 2,000 ಪೌಂಡ್ ತೆರಿಗೆ ಹೆಚ್ಚಾಗುತ್ತದೆ ಅಂದರು. ಕೇಳಿದವರು ವರ್ಷಕ್ಕೆ ಅಂದುಕೊಂಡರು; ಆ ಲೆಕ್ಕ ನಾಲ್ಕು ವರ್ಷ ಕೂಡಿಸಿದ್ದು. ಅದೇ ಚುನಾವಣೆಯಲ್ಲಿ ಲೇಬರ್ ಪಕ್ಷ, ಕನ್ಸರ್ವೇಟಿವರದ್ದು 46 ಶತಕೋಟಿ ಪೌಂಡಿನ ಹಣವಿಲ್ಲದ ಯೋಜನೆ ಎಂದು ಮತ್ತೆ ಮತ್ತೆ ಹೇಳಿತು. ಅದು ನ್ಯಾಷನಲ್ ಇನ್ಶುರೆನ್ಸನ್ನು ಮುಂದೆಂದಾದರೂ ತೆಗೆಯುವ ಆಸೆಯ ಲೆಕ್ಕ, ಆ ಆಸೆಗೆ ಗಡುವೇ ಇರಲಿಲ್ಲ. ಯುರೋಪಿಯನ್ ಒಕ್ಕೂಟ ಬಿಡಬೇಕೇ ಎಂಬ 2016ರ ಜನಮತಗಣನೆಯಲ್ಲಿ ಬಿಡಬೇಕೆನ್ನುವವರ ಪ್ರಚಾರದ ಬಸ್ಸಿನ ಮೇಲೆ, ಒಕ್ಕೂಟಕ್ಕೆ ಕಳಿಸುತ್ತೇವೆ ಎಂದು ಬರೆದಿದ್ದ ವಾರಕ್ಕೆ 35 ಕೋಟಿ ಪೌಂಡ್, ಬ್ರಿಟನ್ನಿಗಿದ್ದ ರಿಯಾಯಿತಿ ಕಳೆಯದ ಒಟ್ಟು ಮೊತ್ತ. ಮೂರಕ್ಕೂ ಮೇಲಿನ ಪ್ರಶ್ನೆಗಳಲ್ಲಿ ಒಂದು ತಾಗುತ್ತದೆ. ನಿಮಗೆ ಹಿಡಿಸಿದ ಪಕ್ಷದ ಅಂಕಿಗೆ ಮೊದಲು ಕೇಳಿ, ಆಗ ಎದುರಿನವರೂ ತಮ್ಮದಕ್ಕೆ ಕೇಳಲು ಬಿಡುತ್ತಾರೆ.

ವಲಸೆಯಲ್ಲಿ ತಿದ್ದುಪಡಿಯ ಪ್ರಶ್ನೆ ಮುಖ್ಯ. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಿಂದ ಹೋದವರನ್ನು ಕಳೆದರೆ 6,72,000 ಎಂದು ಮೊದಲು ಪ್ರಕಟವಾಯಿತು. 2024ರ ನವೆಂಬರಿನಲ್ಲಿ ಅದೇ ಅವಧಿಗೆ 9,06,000 ಎಂದಾಯಿತು. ಒಬ್ಬರು ಹಳೆಯದನ್ನು ಹಿಡಿದು, ಇನ್ನೊಬ್ಬರು ಹೊಸದನ್ನು ಹಿಡಿದು ಕೂಗಾಡಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಂಗ್ಲೆಂಡಿನ ಆಸ್ಪತ್ರೆಯ ಸರದಿಯೂ ಹಾಗೆಯೇ: 2023ರ ಸೆಪ್ಟೆಂಬರಿನಲ್ಲಿ ಸುಮಾರು 77 ಲಕ್ಷ ಇದ್ದದ್ದು ಚಿಕಿತ್ಸೆಗಳ ಸಂಖ್ಯೆ, ಕಾಯುತ್ತಿದ್ದ ಜನ ಸುಮಾರು 65 ಲಕ್ಷ, ಏಕೆಂದರೆ ಮಂಡಿಗೂ ಕಣ್ಣಿಗೂ ಕಾಯುವವರು ಎರಡು ಸಲ ಎಣಿಕೆಯಾಗುತ್ತಾರೆ.

"ವಲಸಿಗರು ಪುಕ್ಕಟೆ ಆಸ್ಪತ್ರೆಗೆ ಹೋಗ್ತಾರೆ" ಎಂಬ ಮಾತು ಆಫೀಸಿನಲ್ಲೋ ಪಕ್ಕದ ಮನೆಯವರಿಂದಲೋ ಬಂದಾಗ ಸಿಟ್ಟಾಗುವ ಬದಲು ಲೆಕ್ಕ ಹೇಳಿ. 2024ರ ಫೆಬ್ರವರಿಯಿಂದ ವೀಸಾದವರ ಆರೋಗ್ಯ ಶುಲ್ಕ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776. ಗಂಡ, ಹೆಂಡತಿ, ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 3,622; ಐದು ವರ್ಷದ ವೀಸಾಗೆ 18,110 ಪೌಂಡ್, ಅದೂ ಅರ್ಜಿಯ ಜೊತೆ ಮುಂಗಡವಾಗಿ, ಸಂಬಳದ ತೆರಿಗೆ ಬೇರೆ. ಆರೋಗ್ಯ-ಆರೈಕೆ ವೀಸಾದವರಂಥ ಕೆಲವರಿಗೆ ವಿನಾಯಿತಿ ಇದೆ ಅನ್ನುವುದನ್ನೂ ಸೇರಿಸಿ ಹೇಳಿ; ಅದನ್ನು ಬಿಟ್ಟರೆ ನೀವೂ ಅದೇ ತಪ್ಪು ಮಾಡಿದಂತೆ.

ತೆರಿಗೆ: ಇಲ್ಲಿ ನಿಧಾನವಾಗಿ ಹೋಗಿ

ಅತಿ ಹೆಚ್ಚು ಕೆಡುವ ವಾದ ಇದು. "ಸಂಬಳ 50 ಸಾವಿರ ದಾಟಿದ್ರೆ ಎಲ್ಲಾ ದುಡ್ಡಿಗೂ 40 ಪರ್ಸೆಂಟ್" ಎಂಬುದು ತಪ್ಪು. ಇಂಗ್ಲೆಂಡಿನಲ್ಲಿ ವರ್ಷದ ಮೊದಲ 12,570 ಪೌಂಡಿಗೆ ತೆರಿಗೆಯಿಲ್ಲ, ಅಲ್ಲಿಂದ 50,270ರ ತನಕ 20%, ಅದರ ಮೇಲಿನ ಹಣಕ್ಕಷ್ಟೇ 40%. ಸಂಬಳ 50,270ರಿಂದ 52,270ಕ್ಕೆ ಏರಿತು ಅನ್ನಿ. ಹೆಚ್ಚಾದ 2,000ದಲ್ಲಿ ತೆರಿಗೆ 800, ನ್ಯಾಷನಲ್ ಇನ್ಶುರೆನ್ಸ್ 2%ರಂತೆ 40. ಕೈಗೆ 1,160 ಪೌಂಡ್ ಬಂದೇ ಬರುತ್ತದೆ. ಕರವಸ್ತ್ರದ ಕಾಗದದ ಮೇಲೆ ಇಷ್ಟು ಬರೆದು ತೋರಿಸಿ. ಸ್ಕಾಟ್ಲೆಂಡಿನ ದರಗಳು ಬೇರೆ.

ಆದರೆ "ಸಂಬಳ ಏರಿ ನಷ್ಟವಾಯ್ತು" ಅನ್ನುವವರು ಯಾವಾಗಲೂ ತಪ್ಪಲ್ಲ. ಒಂದು ಲಕ್ಷ ದಾಟಿದರೆ ಪ್ರತಿ 2 ಪೌಂಡಿಗೆ 1 ಪೌಂಡಿನಂತೆ ತೆರಿಗೆಯಿಲ್ಲದ ಮೊತ್ತ ಕರಗುತ್ತದೆ, ಹಾಗಾಗಿ 1,25,140ರ ತನಕ ಆದಾಯ ತೆರಿಗೆಯೇ 60% ಬಿದ್ದಂತೆ. ನರ್ಸರಿಗೆ ಹೋಗುವ ಮಗುವಿದ್ದು ತಂದೆ-ತಾಯಿಯಲ್ಲಿ ಒಬ್ಬರ ಆದಾಯ ಲಕ್ಷ ದಾಟಿದರೆ ದುಡಿಯುವ ತಂದೆ-ತಾಯಿಗೆಂದೇ ಇರುವ ಶಿಶುಪಾಲನೆಯ ಉಚಿತ ಗಂಟೆಗಳೂ ಕೈತಪ್ಪುತ್ತವೆ. ಹಾಗೆಯೇ "ತೆರಿಗೆ ದರ ಏರಿಸಿಲ್ಲ" ಎಂಬುದೂ "ನಾನು ಹೆಚ್ಚು ತೆರಿಗೆ ಕಟ್ತಿದೀನಿ" ಎಂಬುದೂ ಒಟ್ಟಿಗೇ ನಿಜವಾಗಬಹುದು: 12,570ರ ಮಿತಿ 2021ರಿಂದ ಅಲ್ಲೇ ನಿಂತಿದೆ, ಸಂಬಳ ಮತ್ತು ಬೆಲೆ ನಿಂತಿಲ್ಲ. ಇಷ್ಟು ಒಪ್ಪಿಕೊಂಡ ಮೇಲೆ ಉಳಿಯುವ ಪ್ರಶ್ನೆ: ಆ ಮಿತಿ ಏರಿಸಬೇಕೇ, ಏರಿಸಿದರೆ ಹಣ ಎಲ್ಲಿಂದ? ಅದರ ಬಗ್ಗೆ ರಾತ್ರಿಯಿಡೀ ವಾದ ಮಾಡಿ, ತಪ್ಪಿಲ್ಲ.

ಸೀಟಿನ ಲೆಕ್ಕ

"ದೇಶದಲ್ಲಿ ಗಾಳಿ ಹೀಗಿದೆ" ಎಂಬುದರಿಂದ ನಿಮ್ಮ ಮತ ತೀರ್ಮಾನ ಮಾಡಬೇಡಿ. 650 ಕ್ಷೇತ್ರ, ಪ್ರತಿಯೊಂದರಲ್ಲೂ ಹೆಚ್ಚು ಮತ ಬಂದವರು ಗೆಲ್ಲುತ್ತಾರೆ, ಅಷ್ಟೇ. ಭಾರತದ ಲೋಕಸಭೆಯ ಪದ್ಧತಿಯೇ. 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ಸುಮಾರು 14% ಮತಕ್ಕೆ 5 ಸೀಟು. ಲಿಬರಲ್ ಡೆಮಾಕ್ರಟರಿಗೆ ಸುಮಾರು 12%ಗೆ 72. ಮತ ಎಷ್ಟು ಎಂಬುದಕ್ಕಿಂತ ಎಲ್ಲಿ ಬಿತ್ತು ಎಂಬುದು ದೊಡ್ಡದು. "ಒಂದು ವೋಟಿಂದ ಏನಾಗುತ್ತೆ" ಅನ್ನುವವರಿಗೆ ಲಂಡನ್ನಿನ ಹೆಂಡನ್ ಹೇಳಿ: ಅಲ್ಲಿ 2024ರಲ್ಲಿ ಗೆಲುವಿನ ಅಂತರ 15 ಮತ.

ಇಷ್ಟದ ಪಕ್ಷಕ್ಕೆ ಹಾಕುವುದೋ, ಬೇಡದವರನ್ನು ಸೋಲಿಸಲು ಇನ್ನೊಬ್ಬರಿಗೆ ಹಾಕುವುದೋ ಎಂಬ ಚರ್ಚೆ ಬಂದರೆ ನಿಮ್ಮ ಕ್ಷೇತ್ರದ ಕಳೆದ ಸಂಸತ್ ಫಲಿತಾಂಶ ತೆಗೆದು ಮೊದಲ ಮೂರು ಸ್ಥಾನ ಬರೆದಿಡಿ. ಬಾಗಿಲಿಗೆ ಬಂದ ಕರಪತ್ರದ ಕಂಬಚಿತ್ರ ನಂಬಿ ಕೂರಬೇಡಿ. "ಇಲ್ಲಿ ಇವರಿಬ್ಬರ ನಡುವೆಯೇ ಪೈಪೋಟಿ" ಎಂಬ ಚಿತ್ರವನ್ನು ಎಲ್ಲ ಪಕ್ಷದವರೂ ಹಾಕುತ್ತಾರೆ. ಮಕ್ಕಳ ಸ್ಕೇಲು ತಂದು ಅಳೆಯಿರಿ: 33%ರ ಕಂಬ 6 ಸೆಂ.ಮೀ. ಇದ್ದರೆ 28%ರದ್ದು 5 ಸೆಂ.ಮೀ.ಗಿಂತ ಕೂದಲೆಳೆ ಹೆಚ್ಚಿರಬೇಕು. 3 ಸೆಂ.ಮೀ. ಇದ್ದರೆ ಚಿತ್ರ ಎಳೆದಾಡಿದ್ದು. ಆಮೇಲೆ ಕೆಳಗಿನ ಸಣ್ಣ ಅಕ್ಷರ ಓದಿ: ಅಂಕಿ ಸಂಸತ್ತಿನದೋ ಕೌನ್ಸಿಲ್ ಚುನಾವಣೆಯದೋ? ಅಲ್ಲೇ ಮುದ್ರಿಸಿದವರ, ಪ್ರಚಾರಕರ ಹೆಸರು-ವಿಳಾಸ ಇರಲೇಬೇಕೆಂದು ಕಾನೂನಿದೆ. ಇಲ್ಲದ ಕರಪತ್ರವನ್ನು ವಾಟ್ಸಾಪ್ ಗುಂಪಿಗೆ ದಾಟಿಸಬೇಡಿ.

ಸಮೀಕ್ಷೆಗಳ ಬಗ್ಗೆ ಇಷ್ಟೇ: 2015ರಲ್ಲಿ ಸಮಬಲ ಅಂದಿದ್ದವು, ಕನ್ಸರ್ವೇಟಿವರು 330 ಸೀಟು ಗೆದ್ದರು.

ಸಂಘದಲ್ಲಿ, ಮನೆಯಲ್ಲಿ

ಚಾರಿಟಿಯಾಗಿ ನೋಂದಣಿಯಾದ ಕನ್ನಡ ಸಂಘ ಯಾವುದೇ ಪಕ್ಷಕ್ಕೆ, ಅಭ್ಯರ್ಥಿಗೆ ಬೆಂಬಲ ಹೇಳುವಂತಿಲ್ಲ. ಸಂಘದ ಗುಂಪಿನಲ್ಲಿ ಪದಾಧಿಕಾರಿ ಒಬ್ಬ ಅಭ್ಯರ್ಥಿಯ ಪೋಸ್ಟರ್ ಹಾಕಿದರೆ ಸಂಘಕ್ಕೇ ತೊಂದರೆ. ಅಭ್ಯರ್ಥಿಗಳನ್ನು ಕರೆಸುವುದಾದರೆ ಕ್ಷೇತ್ರದ ಎಲ್ಲ ಅಭ್ಯರ್ಥಿಗಳಿಗೂ ಆಹ್ವಾನ ಕಳಿಸಿ, ಕಳಿಸಿದ್ದರ ದಾಖಲೆ ಇಟ್ಟುಕೊಳ್ಳಿ. ಪ್ರಶ್ನೆ ಇಪ್ಪತ್ತು ಸೆಕೆಂಡಿಗೆ ಮುಗಿಯಲಿ, ಭಾಷಣ ಸೇರಿಸಬೇಡಿ, "ಹೌದು" ಅಥವಾ "ಇಲ್ಲ" ಎಂದು ಶುರುವಾಗುವ ಉತ್ತರ ಬರುವಂತೆ ಕೇಳಿ. ಬಿಸಿಬೇಳೆಬಾತು ಬಡಿಸಿ ವಾದ ಮಾಡುವುದಕ್ಕೆ ಅಡ್ಡಿಯಿಲ್ಲ. ಇಂಥವರಿಗೇ ಮತ ಹಾಕಲಿ ಎಂದು ಊಟ ಹಾಕಿಸುವುದು ಮಾತ್ರ ಇಲ್ಲಿ ಅಪರಾಧ.

ಮನೆಯೊಳಗೆ ಒಂದೇ ಎಚ್ಚರಿಕೆ, ಆದರೆ ಗಟ್ಟಿಯಾಗಿ ಹೇಳಬೇಕಾದದ್ದು. ಅಂಚೆ ಮತಪತ್ರಗಳು ಒಟ್ಟಿಗೆ ಬಂದಾಗ ಯಜಮಾನರೊಬ್ಬರೇ ಕೂತು ಎಲ್ಲರದ್ದೂ ತುಂಬಿಬಿಡುವ ಅಭ್ಯಾಸ ಕೆಲವೆಡೆ ಇದೆ. ಹೆಂಡತಿಯದಾಗಲಿ, ಮಗಳದಾಗಲಿ, ಇನ್ನೊಬ್ಬರ ಮತ ತುಂಬುವುದು ಅಪರಾಧ, ಹೀಗೇ ಹಾಕೆಂದು ಒತ್ತಾಯಿಸುವುದೂ ಅಪರಾಧ. ವಾದದಲ್ಲಿ ಗೆದ್ದವರಿಗೂ ಆ ಹಕ್ಕಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆ ಕೂತು ತುಂಬಲಿ. ಜೊತೆಗಿರುವ ಹೇಳಿಕೆಯಲ್ಲಿ ಹುಟ್ಟಿದ ದಿನಾಂಕ ಕೇಳುತ್ತಾರೆ. ಆ ಜಾಗದಲ್ಲಿ ಇವತ್ತಿನ ತಾರೀಖು ಬರೆದು, ಅಥವಾ ಅರ್ಜಿಯಲ್ಲಿದ್ದಂತೆ ಸಹಿ ಮಾಡದೆ ಮತ ತಿರಸ್ಕೃತವಾಗುವುದುಂಟು. ಅರ್ಜಿ ಹಾಕುವಾಗ ಕನ್ನಡದಲ್ಲಿ ಸಹಿ ಮಾಡಿದ್ದರೆ ಈಗಲೂ ಕನ್ನಡದಲ್ಲೇ ಮಾಡಿ.

ಮತದಾನದ ದಿನ ಬೆಳಿಗ್ಗೆ 7ರಿಂದ ರಾತ್ರಿ 10. ಹತ್ತಕ್ಕೆ ಸಾಲಿನಲ್ಲಿ ನಿಂತಿದ್ದರೂ ಮತ ಹಾಕಲು ಬಿಡುತ್ತಾರೆ. ಯಂತ್ರವಿಲ್ಲ, ನೋಟಾ ಇಲ್ಲ, ಬೆರಳಿಗೆ ಶಾಯಿಯಿಲ್ಲ. ಕಾಗದ, ಪೆನ್ಸಿಲ್ಲು, ಒಂದೇ ಒಂದು ಕತ್ತರಿ ಗುರುತು. ಫೋನು ಜೇಬಿನಲ್ಲೇ ಇರಲಿ. ಗುರುತು ತಪ್ಪಿ ಬಿದ್ದರೆ ಗೀಚಿ ತಿದ್ದಬೇಡಿ, ಪೆಟ್ಟಿಗೆಗೆ ಹಾಕುವ ಮೊದಲು ಮೇಜಿನವರಿಗೆ ಕೊಟ್ಟು ಬೇರೆ ಮತಪತ್ರ ಕೇಳಿ ಪಡೆಯಿರಿ.