‘ನ’ ಇದ್ದ ಕಡೆ ಪೌಂಡ್ ಕೇಳಿಸಿತು

ಕಣ್ಣು ಕಾಣದವರು ಕನ್ನಡದ ವೆಬ್‌ಪುಟಗಳನ್ನು ಹೇಗೆ ಬಳಸುತ್ತಾರೆ ಅನ್ನೋದು ನನ್ನ ಪಿಎಚ್‌ಡಿ ವಿಷಯ. ಮೊದಲ ವರ್ಷ ನಾನು ಜಾಸ್ತಿ ನಂಬಿದ್ದು ಪುಟ ತಪಾಸಣೆ ಮಾಡುವ ಸಾಫ್ಟ್‌ವೇರನ್ನು. ಚಿತ್ರಕ್ಕೆ ವಿವರಣೆ ಇದೆಯೇ, ಅಕ್ಷರದ ಬಣ್ಣ ಹಿನ್ನೆಲೆಯಿಂದ ಎದ್ದು ಕಾಣುತ್ತದೆಯೇ ಅಂತೆಲ್ಲ ಅದು ನೋಡುತ್ತದೆ. ಒಂದು ಕಚೇರಿಯ ಅರ್ಜಿ ಪುಟದಲ್ಲಿ ಅದಕ್ಕೆ ಒಂದು ತಪ್ಪೂ ಸಿಗಲಿಲ್ಲ.

ಅದೇ ಪುಟವನ್ನು ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ, ಅವರದೇ ಕಂಪ್ಯೂಟರಿನಲ್ಲಿ ತೆರೆಸಿದೆ. ಅವರು ಬಳಸೋದು ಎನ್‌ವಿಡಿಎ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಶುರು ಮಾಡಿದ ಮೈಕೆಲ್ ಕರ್ರನ್ ಅವರಿಗೂ ಕಣ್ಣು ಕಾಣುವುದಿಲ್ಲ. ಮೇಷ್ಟ್ರು ಕೀಲಿ ಒತ್ತಿದರು. ಕನ್ನಡ ಬರಲೇ ಇಲ್ಲ. ಪಿ, ಎ, ಪೌಂಡ್ ಅಂತ ಏನೇನೋ.

“ಇದು ದಿನಾ ಇದ್ದದ್ದೇ ಕಣಮ್ಮ. ಮಗ ಬಂದ ಮೇಲೆ ಓದಿಸ್ಕೋತೀನಿ” ಅಂದರು.

‘ನುಡಿ’ ಅನ್ನುವ ಹಳೆಯ ಕನ್ನಡ ಫಾಂಟಿನ ಕಡತವನ್ನು ಆ ಕಚೇರಿಯವರು ಹಾಗೇ ತಂದು ಪುಟಕ್ಕೆ ಅಂಟಿಸಿದ್ದರು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಆ ಏರ್ಪಾಟಿನಲ್ಲಿ ಕಣ್ಣಿಗೆ ಕಾಣೋದು ಮಾತ್ರ ಕನ್ನಡ. ‘ಕ’ದ ಒಳಗೆ ಇಂಗ್ಲಿಷಿನ ಪಿ ಇರುತ್ತದೆ, ‘ನ’ದ ಒಳಗೆ ಪೌಂಡ್ ಗುರುತು. ನನಗೆ ಕಣ್ಣು ಕಾಣುತ್ತಿತ್ತು, ಹಾಗಾಗಿ ತಪ್ಪು ಕಾಣಲಿಲ್ಲ. ಆವತ್ತಿನಿಂದ ಯಾವ ಪುಟವನ್ನೂ ಪರದೆ ಆಫ್ ಮಾಡಿ ಒಮ್ಮೆ ಕೇಳದೆ ತಪಾಸಣೆ ಮುಗಿಯಿತು ಅನ್ನೋದಿಲ್ಲ.

ನನ್ನ ವಿಧಾನವನ್ನೂ ಬದಲಿಸಬೇಕಾಯಿತು. ಕೆಲಸ ಮಾಡುತ್ತಾ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿ ಅಂತ ಕೇಳೋದು ನಮ್ಮಲ್ಲಿ ರೂಢಿ. ಮೇಷ್ಟ್ರು ಮಾತಾಡಿದರೆ ಎನ್‌ವಿಡಿಎ ಕೇಳಿಸದು, ಅದನ್ನು ಕೇಳಿಸಿಕೊಂಡರೆ ಮಾತು ನಿಂತುಹೋಗುತ್ತದೆ. ಈಗ ಸುಮ್ನೆ ಕೂತು ರೆಕಾರ್ಡ್ ಮಾಡುತ್ತೇನೆ. ಕೆಲಸ ಮುಗಿದ ಮೇಲೆ ಇಬ್ಬರೂ ಅದನ್ನು ಕೇಳುತ್ತೇವೆ, ಅವರು ತಡವರಿಸಿದ ಕಡೆ ನಿಲ್ಲಿಸಿ “ಇಲ್ಲಿ ಏನಾಯ್ತು?” ಅಂತ ಕೇಳುತ್ತೇನೆ.

ಆ ಪುಟದ ಒಂದು ಪ್ರತಿಯನ್ನು ನಾನೇ ಯೂನಿಕೋಡಿಗೆ ಬದಲಾಯಿಸಿದೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟವು, ಕೈಯಲ್ಲೇ ತಿದ್ದಿದೆ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಗುರುತು ಹಾಕಿದೆ. ಅಂಗವಿಕಲರೂ ವೆಬ್‌ಪುಟ ಬಳಸುವಂತಾಗಲಿ ಅಂತ ಮಾಡಿದ 2008ರ ಡಬ್ಲ್ಯುಸಿಎಜಿ 2.0 ನಿಯಮಗಳಲ್ಲಿ ಇದು ‘ಎ’ ಹಂತದ್ದು, ಅಂದರೆ ಇಷ್ಟಾದರೂ ಇರಲೇಬೇಕು ಅನ್ನುವಂಥದ್ದು. ಶೀರ್ಷಿಕೆಗಳನ್ನು ಬರೀ ದಪ್ಪ ಅಕ್ಷರವಾಗಿ ಬಿಡದೆ ಶೀರ್ಷಿಕೆಗಳಾಗಿಯೇ ಗುರುತಿಸಿದೆ. ಹಾಗಿದ್ದರೆ ಎಚ್ ಕೀಲಿ ಒತ್ತುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ಮುಂದಿನ ವಾರ ಮೇಷ್ಟ್ರು ಅದನ್ನು ಪೂರ್ತಿ ಕೇಳಿದರು. ಒಂದು ಸಾಲನ್ನು ಮತ್ತೆ ಓದಿಸಿದರು.

“‘ಹಾಗು’ ಅಂತ ಬರೆದಿದ್ದಾರಲ್ಲಮ್ಮ. ‘ಹಾಗೂ’ ಆಗ್ಬೇಕು, ಅಲ್ವಾ?”